ಕುಂಡದ ನೊರಜು ಹೋಗಿದ್ದು ಮಣ್ಣು ಬದಲಿಸಿದ ಮೇಲೆ

ಶ್ರಾವಣದ ಮಳೆ ಹಿಡಿದುಕೊಂಡ ಮೇಲೆ ನಮ್ಮ ಬಾಲ್ಕನಿಯ ಕುಂಡಗಳಲ್ಲಿ ಸಣ್ಣ ಕಪ್ಪು ನೊರಜು ಶುರುವಾಯಿತು. ನೀರು ಹಾಕಿದ ಕೂಡಲೇ ಮಣ್ಣಿನಿಂದ ಏಳುತ್ತವೆ, ಅಲ್ಲೇ ಸುತ್ತಾಡುತ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ಮಣ್ಣಿಗೆ ಇಳಿಯುತ್ತವೆ. ಸಂಜೆ ಲೈಟು ಹಾಕಿದರೆ ಒಳಗೆ ಬರುತ್ತವೆ. ಕಚ್ಚುವುದಿಲ್ಲ. ಆದರೆ ಊಟದ ತಟ್ಟೆ, ಟಿವಿ ಪರದೆ, ಕನ್ನಡಕದ ಗಾಜು ಎಲ್ಲಾ ಕಡೆ ಅವೇ. ಮನೆಯವರು ಸೊಳ್ಳೆ ಬ್ಯಾಟ್ ಹಿಡಿದು ಚಟಚಟ ಅನ್ನಿಸುತ್ತಾ ಕೂತರು. ಅದರಿಂದ ಕೈಗೆ ವ್ಯಾಯಾಮ ಆಗುತ್ತದೆ, ಅಷ್ಟೇ. ಹಾರುವ ನೊರಜು ಬದುಕುವುದು ಹೆಚ್ಚೆಂದರೆ ಒಂದು ವಾರ, ಹತ್ತು ದಿನ. ಅಷ್ಟರೊಳಗೆ ಒಂದೊಂದು ಹೆಣ್ಣು 100ರಿಂದ 200 ಮೊಟ್ಟೆ ಇಟ್ಟು ಹೋಗಿರುತ್ತದೆ. ಅದರ ಅಸಲು ಸಂಸಾರ ಇರುವುದು ಮಣ್ಣಿನೊಳಗೆ. ಅದನ್ನು ಅಲ್ಲಿಂದ ಎಬ್ಬಿಸಿದ್ದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮನೆ ಕಲಬುರಗಿಯ ಜೇವರ್ಗಿ ರಸ್ತೆ ಕಡೆ, ಎರಡನೇ ಮಹಡಿ. ಬಾಲ್ಕನಿಗೆ ಶಹಾಬಾದ್ ಫರ್ಸಿ ಹಾಸಿದೆ. ಬೆಳಗಿನ ಬಿಸಿಲು ಬರುತ್ತದೆ, ಆದರೆ ಮಳೆಗಾಲದಲ್ಲಿ ಅದೂ ಅಪರೂಪ. ತುಳಸಿ, ಕರಿಬೇವು, ಮಲ್ಲಿಗೆ, ಪುದೀನಾ ಹೊರಗೆ. ಮನಿ ಪ್ಲಾಂಟ್ ಒಳಗೆ, ಹಾಲಿನ ಮೂಲೆಯಲ್ಲಿ. ಜೊತೆಗೆ ಒಂದು ಟ್ರೇ ತುಂಬ ಮೆಣಸಿನಕಾಯಿ ಸಸಿ.

ಯಾವ ಹುಳು ಅಂತ ಮೊದಲು ನೋಡಿ

ಮನೆಯಲ್ಲಿ ಹಾರಾಡುವ ಸಣ್ಣ ಹುಳು ಎಲ್ಲವೂ ಒಂದೇ ಅಲ್ಲ. ಬಾಳೆಹಣ್ಣಿನ ಸುತ್ತ ಕೂರುವುದು ಹಣ್ಣಿನ ನೊಣ. ಅದರ ಮೈ ಕಂದು, ಕಣ್ಣು ಕೆಂಪು. ಬಚ್ಚಲ ಗೋಡೆಗೆ ಅಂಟಿಕೊಂಡು ಕೂರುವ, ರೆಕ್ಕೆ ತುಂಬ ರೋಮ ಇರುವುದು ಮೋರಿ ನೊಣ. ಕುಂಡದ್ದು ಫಂಗಸ್ ನ್ಯಾಟ್. ಸಿಯಾರಿಡೇ ಎಂಬ ಕುಟುಂಬದ್ದು, ಮನೆಯ ಕುಂಡಗಳಲ್ಲಿ ಕಾಣುವುದು ಹೆಚ್ಚಾಗಿ ಬ್ರಾಡಿಸಿಯಾ ಜಾತಿ. ಉದ್ದ 2ರಿಂದ 4 ಮಿಲಿಮೀಟರ್. ಕಾಲು ಉದ್ದ, ಮೀಸೆ ಉದ್ದ, ಹಾರಾಟ ಮಾತ್ರ ಸೋಮಾರಿ. ಮಣ್ಣಿನ ಮೇಲೆ ಹಾರುವುದಕ್ಕಿಂತ ಓಡುವುದೇ ಜಾಸ್ತಿ. ಸತ್ತ ಒಂದನ್ನು ಬಿಳಿ ಹಾಳೆ ಮೇಲೆ ಇಟ್ಟು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ರೆಕ್ಕೆಯ ನರ ನಡುವೆ ಕವಲೊಡೆದದ್ದು ಸ್ಪಷ್ಟವಾಗಿ ಕಂಡಿತು. ಅಲ್ಲಿಗೆ ಅನುಮಾನ ಮುಗಿಯಿತು.

ಇದು ಯಾಕೆ ಮುಖ್ಯ ಅಂದರೆ, ವಿನೆಗರ್ ಬಟ್ಟಲು ಇಟ್ಟು ಹಿಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಹುಳಿ ವಾಸನೆಗೆ ಓಡಿ ಬರುವುದು ಹಣ್ಣಿನ ನೊಣ. ಕುಂಡದ ನೊರಜಿಗೆ ಬೇಕಾದದ್ದು ಹಸಿ ಮಣ್ಣು ಮತ್ತು ಅದರೊಳಗಿನ ಬೂಷ್ಟು.

ಮರಿ ಇದೆಯೋ ಇಲ್ಲವೋ ನೋಡಲು ಆಲೂಗಡ್ಡೆಗಿಂತ ಸುಲಭದ ದಾರಿ ಇಲ್ಲ. ಸಿಪ್ಪೆ ತೆಗೆದು ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ ಕೊಯ್ದು, ಪ್ರತಿ ಕುಂಡದಲ್ಲೂ ಮಣ್ಣಿಗೆ ಒತ್ತಿ ಇಡಬೇಕು. ಎರಡು ಮೂರು ದಿನ ಬಿಟ್ಟು ಮೆಲ್ಲಗೆ ಎತ್ತಿ ಅಡಿಭಾಗ ನೋಡಿ. ಮಲ್ಲಿಗೆ ಕುಂಡದ ಬಿಲ್ಲೆ ಎತ್ತಿದಾಗ ಬೆಂದ ಶಾವಿಗೆಯ ಚೂರಿನಂಥವು ಹತ್ತಾರು ಮಿಸುಕಾಡುತ್ತಿದ್ದವು. ಮೈ ಪಾರದರ್ಶಕ, ತಲೆ ಮಾತ್ರ ಎಣ್ಣೆ ಹಚ್ಚಿದಷ್ಟು ಮಿರಿಮಿರಿ ಕಪ್ಪು. ಭೂತಗನ್ನಡಿ ಹಿಡಿದರೆ ಹೊಟ್ಟೆಯೊಳಗೆ ಕರಿ ಗೆರೆ ಜಾರುವುದು ಕಾಣುತ್ತದೆ. ಅದು ತಿಂದ ಮಣ್ಣು. ಗಾಳಿ ತಗುಲಿದ ಕೂಡಲೇ ಆಲೂಗಡ್ಡೆಯ ಮೆತ್ತನೆ ಭಾಗಕ್ಕೆ ಕೊರೆಯಲು ಹೊರಟವು. ತುಳಸಿ, ಮನಿ ಪ್ಲಾಂಟ್, ಪುದೀನಾದಲ್ಲೂ ಇದ್ದವು. ಕರಿಬೇವಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಈ ವ್ಯತ್ಯಾಸದಿಂದಲೇ ನನಗೆ ಮುಂದಿನ ದಾರಿ ಸಿಕ್ಕಿತು.

ದೊಡ್ಡ ಗಿಡಕ್ಕೆ ಈ ಮರಿಗಳಿಂದ ಅಂಥ ಹಾನಿಯಿಲ್ಲ. ಅವುಗಳ ಮುಖ್ಯ ಊಟ ಬೂಷ್ಟು, ಕೊಳೆತ ಎಲೆ, ಅರೆಬೆಂದ ಗೊಬ್ಬರ. ಸಂಖ್ಯೆ ಜಾಸ್ತಿಯಾದಾಗ ಎಳೆ ಬೇರಿನ ರೋಮಕ್ಕೂ ಬಾಯಿ ಹಾಕುತ್ತವೆ. ಸಸಿಗೆ ಅದೇ ಮರಣ. ಬೇರಿನ ಗಾಯದಿಂದ ಕೊಳೆರೋಗವೂ ಒಳಗೆ ಸೇರುತ್ತದೆ. ನಮ್ಮ ಟ್ರೇಯ ಮೆಣಸಿನ ಸಸಿಗಳು ನೀರಿದ್ದೂ ಬಾಡಿ ಬೀಳುತ್ತಿದ್ದವು. ಒಂದನ್ನು ಎಳೆದರೆ ಸಲೀಸಾಗಿ ಬಂತು. ಬೇರು ಅಂತ ಇದ್ದದ್ದು ಒಂದು ಕಂದು ದಾರ.

ಕರಿಬೇವಿಗೆ ಯಾಕೆ ಬರಲಿಲ್ಲ

ಕರಿಬೇವಿನ ಗಿಡ ಬೀದರ್ ಕಡೆಯಿಂದ ಬಂದದ್ದು, ಅಲ್ಲಿನ ಕೆಂಪು ಮಣ್ಣಿನ ಗಡ್ಡೆ ಸಮೇತ. ಉಳಿದ ಕುಂಡಗಳಲ್ಲಿ ಇದ್ದದ್ದು ನಮ್ಮೂರಿನ ಎರೆಮಣ್ಣು, ಅದರ ಜೊತೆ ಅರ್ಧಕ್ಕರ್ಧ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ.

ಎರೆಮಣ್ಣಿನ ಗುಣ ಇಲ್ಲಿ ಎಲ್ಲರಿಗೂ ಗೊತ್ತು. ನೀರು ಕುಡಿದು ಉಬ್ಬುತ್ತದೆ, ಬಿಡಲು ಒಲ್ಲೆ ಅನ್ನುತ್ತದೆ. ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹೊಲದಲ್ಲಿ ಇದು ವರ. ಮಳೆ ನಿಂತ ಮೇಲೂ ತೊಗರಿ ನಿಲ್ಲುವುದು ಆ ಹಿಡಿದಿಟ್ಟ ತೇವದ ಮೇಲೆಯೇ. ಹತ್ತು ಇಂಚಿನ ಪ್ಲಾಸ್ಟಿಕ್ ಕುಂಡದಲ್ಲಿ ಮಾತ್ರ ಅದೇ ಗುಣ ತಿರುಗಿ ಬೀಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಹಸಿ. ನಡುವೆ ಬಿಸಿಲು ಬಿದ್ದರೆ ಮೇಲೆ ಬಿರುಕು, ಹೆಣ್ಣು ನೊರಜು ಮೊಟ್ಟೆ ಇಡಲು ಹುಡುಕುವುದು ಅಂಥ ಬಿರುಕನ್ನೇ. ಕೊಕೊಪೀಟ್ ಸೇರಿಸಿದರೆ ಮಣ್ಣು ಸಡಿಲವಾಗುತ್ತದೆ ಅಂತ ಎಲ್ಲರೂ ಹಾಕುತ್ತಾರೆ. ಸಡಿಲವಾಗುವುದು ನಿಜ. ಆದರೆ ಅದೂ ನೀರು ಹಿಡಿಯುವ ಸಾಮಾನೇ.

ಬೀದರ್, ಹುಮನಾಬಾದ್ ಸೀಮೆಯದು ಜಂಬಿಟ್ಟಿಗೆ ನೆಲ. ಆ ಕಲ್ಲಿನ ತುಂಬ ತೂತು, ನೀರು ಸಲೀಸಾಗಿ ಕೆಳಗಿಳಿಯುತ್ತದೆ. ನೌಬಾದಿನಲ್ಲಿ ಬಹಮನಿ ಕಾಲದವರು ಸುರಂಗ ಬಾವಿ ತೋಡಿದ್ದು ಇದೇ ಜಂಬಿಟ್ಟಿಗೆಯಲ್ಲಿ. ಆ ಮಣ್ಣಿಗೆ ಸಾರ ಕಡಿಮೆ, ಗೊಬ್ಬರ ಕೊಡಲೇಬೇಕು. ಆದರೆ ಕುಂಡದ ಮಟ್ಟಿಗೆ ಎರೆಮಣ್ಣಿಗಿಂತ ಎಷ್ಟೋ ವಾಸಿ ಅಂತ ನನ್ನ ಅನಿಸಿಕೆ.

ಮಣ್ಣಿನ ಮೇಲೆ ಇನ್ನೊಂದು ಹಬ್ಬ ನಡೆದಿತ್ತು. ಮಲ್ಲಿಗೆ ಬುಡಕ್ಕೆ ತೊಗರಿ ಹೊಟ್ಟು ಹೊದಿಸಿತ್ತು. ಊರ ತುಂಬ ದಾಲ್ ಮಿಲ್ಲುಗಳಿರುವಾಗ ಹೊಟ್ಟು ಸಿಗುವುದು ಕಷ್ಟವಲ್ಲ, ಬೇಸಿಗೆಯಲ್ಲಿ ಅದು ತಂಪು ಕಾಯುವುದೂ ನಿಜ. ಮಳೆಗಾಲದಲ್ಲಿ ಅದರ ಅಡಿಗೆ ಬಿಳಿ ಬೂಷ್ಟು ಹೆಣೆದುಕೊಂಡಿತ್ತು. ತುಳಸಿ ಬಿಟ್ಟು ಉಳಿದ ಕುಂಡಗಳಿಗೆ ದಿನಾ ಬೆಳಿಗ್ಗೆ ಚಹಾ ಸೋಸಿದ ಪುಡಿ, ಅಕ್ಕಿ ತೊಳೆದ ನೀರು, ಆಗೊಮ್ಮೆ ಈಗೊಮ್ಮೆ ಹುಳಿ ಮಜ್ಜಿಗೆ. ಇವೆಲ್ಲ ಗಿಡಕ್ಕಿಂತ ಮೊದಲು ಬೂಷ್ಟಿಗೆ ಊಟ.

ಮೊದಲ ಕೆಲಸ: ಒಣಗಿಸುವುದು

ಮರಿಗಳಲ್ಲಿ ಹೆಚ್ಚಿನವು ಇರುವುದು ಮೇಲಿನ ಎರಡು ಮೂರು ಇಂಚಿನಲ್ಲಿ. ಅಷ್ಟು ಒಣಗಿದರೆ ಮೊಟ್ಟೆಯೂ ಎಳೆ ಮರಿಯೂ ಉಳಿಯುವುದಿಲ್ಲ. ಹೊಟ್ಟು, ಚಹಾ ಪುಡಿ, ಉದುರಿದ ಎಲೆ ಎಲ್ಲ ಕೆರೆದು ತೆಗೆದು ಡಬ್ಬಿಯಲ್ಲಿ ಮುಚ್ಚಿ ಆಚೆ ಹಾಕಿದೆ. ಮೇಲ್ಮಣ್ಣನ್ನು ಹಳೇ ಫೋರ್ಕಿನಿಂದ ಕೆದಕಿ ಸಡಿಲ ಮಾಡಿದೆ. ಕುಂಡದ ಕೆಳಗಿನ ತಟ್ಟೆಗಳಲ್ಲಿ ನಿಂತ ನೀರು ಚೆಲ್ಲಿದೆ.

ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಎರಡು ಹೊತ್ತು ನೀರು ಬೇಕು. ಆ ರೂಢಿ ಮಳೆಗಾಲಕ್ಕೂ ಹಾಗೇ ಮುಂದುವರಿಯುತ್ತದೆ. ಆದ್ದರಿಂದ ಹೊತ್ತು ನೋಡಿ ನೀರು ಹಾಕುವುದು ಬಿಟ್ಟು ಕಡ್ಡಿ ನೋಡಿ ಹಾಕುವುದು ಶುರು ಮಾಡಿದೆವು. ಊದಿನಕಡ್ಡಿ ಉರಿದ ಮೇಲೆ ಉಳಿಯುವ ಬಿದಿರ ಕಡ್ಡಿ ಸಾಕು. ನಾಲ್ಕು ಇಂಚು ಮಣ್ಣಿಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಮಣ್ಣು ಅಂಟಿದ್ದರೆ, ಕಡ್ಡಿ ಬಣ್ಣ ಕಪ್ಪಾಗಿದ್ದರೆ ನೀರು ಬೇಡ. ಒಣಗಿ ಬಂದರೆ ಹಾಕಿ. ಅದರ ಜೊತೆ ಕುಂಡ ಎತ್ತಿ ನೋಡುವ ಅಭ್ಯಾಸವಾದರೆ ಕಡ್ಡಿಯೂ ಬೇಡ, ಭಾರದಲ್ಲೇ ಗೊತ್ತಾಗುತ್ತದೆ.

ತುಳಸಿ ವಿಷಯದಲ್ಲಿ ಇದು ಅಷ್ಟು ಸಲೀಸಾಗಿರಲಿಲ್ಲ. ನಮ್ಮ ಅತ್ತೆಯವರು ಸ್ನಾನ ಮುಗಿಸಿ ಚರಗಿ ತುಂಬ ನೀರು ಹಾಕಿಯೇ ಒಳಗೆ ಬರುವವರು.

“ತುಳಸವ್ವಗ ನೀರ್ ಹಾಕ್ಲಾರ್ದೆ ನಾ ಚಾ ಸೈತ ಕುಡ್ಯಂಗಿಲ್ಲ. ನಿನಗ ಗೊತ್ತದಲ್ಲ?”

“ಹಾಕ್ರಿ ಅತ್ತೀ, ನಾ ಬ್ಯಾಡ ಅಂದಿಲ್ಲ. ಚರಗಿ ಬಿಟ್ಟು ಪೂಜಿ ಚಮಚಲೆ ಹಾಕ್ರಿ.”

“ಚಮಚಲೆ ಹಾಕಿದ್ರ ಅಕಿ ಬಾಯಿ ಆದ್ರೂ ಹಸಿ ಆಗ್ತದೇನು?”

ಕೊನೆಗೆ ಒಪ್ಪಂದ ಹೀಗಾಯಿತು: ಚರಗಿ ತುಂಬ ನೀರು ಒಯ್ಯುವುದು, ಒಂದು ಚಮಚ ತುಳಸಿಗೆ, ಉಳಿದದ್ದು ಪಕ್ಕದ ಪುದೀನಾಕ್ಕೆ. ಇನ್ನೊಂದು ಷರತ್ತೂ ಹಾಕಿದರು. ತೀರ್ಥಕ್ಕೆ ಎಲೆ ತೆಗೆಯುವ ಗಿಡ, ಔಷಧ ಗಿವ್ಷಧ ಅಂತ ಏನೂ ಹಾಕುವಂತಿಲ್ಲ. ಇದು ನ್ಯಾಯವಾದ ಮಾತೇ.

ಅಂಟು ಕಾರ್ಡು ಮತ್ತು ಒಂದು ಹಲ್ಲಿ

ಹಳದಿ ಬಣ್ಣಕ್ಕೆ ಈ ನೊರಜು ಓಡಿ ಬರುತ್ತದೆ. ಮೆಣಸಿನಕಾಯಿ ಹೊಲದಲ್ಲಿ ಬಿಳಿ ನೊಣಕ್ಕೆ ಕಟ್ಟುವ ಹಳದಿ ಅಂಟು ಹಾಳೆಯೇ ಸಾಕು, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಕತ್ತರಿಸಿ ಅಂಗೈ ಅಗಲ ಮಾಡಿಕೊಂಡೆ. ಹಾಳೆ ಸಾಲದಾದಾಗ ಹಳದಿ ಪ್ಲಾಸ್ಟಿಕ್ ಫೈಲಿನ ರಟ್ಟು ಕತ್ತರಿಸಿ ಔಡಲ ಎಣ್ಣೆ ಸವರಿದೆ. ಅದೂ ಹಿಡಿಯುತ್ತದೆ. ಆದರೆ ಧೂಳು ಕೂತು ಬೇಗ ಕೆಲಸ ನಿಲ್ಲಿಸುತ್ತದೆ, ಮತ್ತೆ ಒರೆಸಿ ಸವರಬೇಕು.

ಇದನ್ನು ಎತ್ತರದಲ್ಲಿ ನೇತುಹಾಕಿ ಪ್ರಯೋಜನವಿಲ್ಲ. ನೊರಜು ಮಣ್ಣಿನ ಹತ್ತಿರವೇ ಇರುವುದು. ಎರಡು ಕಡ್ಡಿ ಊರಿ, ಮಣ್ಣಿನಿಂದ ಒಂದು ಇಂಚು ಮೇಲೆ ಕಾರ್ಡನ್ನು ಅಡ್ಡಕ್ಕೆ ಮಲಗಿಸಿದಾಗ ನಿಲ್ಲಿಸಿದ್ದಕ್ಕಿಂತ ಜಾಸ್ತಿ ಸಿಕ್ಕಿದವು. ಮಲ್ಲಿಗೆ ಕುಂಡದ ಕಾರ್ಡು ಮರುದಿನವೇ ಚುಕ್ಕೆ ಚುಕ್ಕೆಯಾಗಿತ್ತು.

ಗೋಡೆಗೆ ಒರಗಿಸಿದ್ದ ಒಂದು ಕಾರ್ಡಿಗೆ ಮರಿ ಹಲ್ಲಿ ಅಂಟಿಕೊಂಡಿತು. ಎಳೆದರೆ ಚರ್ಮ ಕಿತ್ತು ಬರುವ ಹಾಗಿತ್ತು. ಶೇಂಗಾ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಹೊಟ್ಟೆಯ ಅಂಚಿಗೆ, ಒಂದೊಂದೇ ಬೆರಳಿನ ಕೆಳಗೆ ಬಿಟ್ಟೆ. ಅಂಟು ಕರಗಿ ಸ್ವಲ್ಪ ಹೊತ್ತಿಗೆ ತಾನೇ ಬಿಡಿಸಿಕೊಂಡು ಓಡಿತು, ಬಾಲ ಅಲ್ಲೇ ಬಿಟ್ಟು. ಗೋಡೆಯ ಹತ್ತಿರ ಕಾರ್ಡು ಇಡಬೇಡಿ. ಹಲ್ಲಿ ನಮ್ಮ ಕಡೆಯ ಆಳು, ಅದೂ ನೊರಜು ತಿನ್ನುತ್ತದೆ.

ಕಾರ್ಡಿನಿಂದ ಸಮಸ್ಯೆ ಮುಗಿಯುವುದಿಲ್ಲ. ಅದು ಲೆಕ್ಕ ಇಡಲು. ಯಾವ ಕುಂಡದಲ್ಲಿ ಜಾಸ್ತಿ, ಈ ವಾರ ಇಳಿಯಿತೋ ಏರಿತೋ ಅಂತ ಅದನ್ನು ನೋಡಿದರೆ ಗೊತ್ತಾಗುತ್ತದೆ. ಕಾರ್ಡಿನ ಹಿಂದೆ ಕುಂಡದ ಹೆಸರು ಬರೆದಿಡಿ.

ಬಿಟಿ ಕೇಳಿದರೆ ಯಾವ ಬಿಟಿ?

ಮಣ್ಣಿನೊಳಗಿನ ಮರಿಗೆ ನಾನು ಆರಿಸಿದ್ದು ಬಿಟಿಐ. ಪೂರ್ತಿ ಹೆಸರು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ, ಸತ್ತು ತೇಲುತ್ತಿದ್ದ ಸೊಳ್ಳೆ ಮರಿಗಳ ನಡುವೆ ಸಿಕ್ಕ ಬ್ಯಾಕ್ಟೀರಿಯಾ ಅದು. ಮರಿ ಅದನ್ನು ತಿನ್ನಬೇಕು. ತಿಂದ ಮೇಲೆ ಅದರ ಹೊಟ್ಟೆಯ ಕ್ಷಾರಕ್ಕೆ ಬ್ಯಾಕ್ಟೀರಿಯಾದ ಹರಳು ಕರಗಿ, ಕರುಳಿನ ಗೋಡೆ ಒಡೆಯುತ್ತದೆ. ಸೊಳ್ಳೆ, ಕಪ್ಪು ನೊಣ, ಕುಂಡದ ನೊರಜು ಇವುಗಳ ಮರಿಗೆ ಅದು ವಿಷ. ನಮಗೆ, ಬೆಕ್ಕಿಗೆ, ಜೇನಿಗೆ, ಎರೆಹುಳಕ್ಕೆ ತೊಂದರೆಯಿಲ್ಲ.

ಗೊಬ್ಬರದ ಅಂಗಡಿಗೆ ಹೋಗಿ ಕೇಳಿದೆ.

“ಬಿಟಿ ಅದಾವೇನ್ರಿ ಅಣ್ಣಾ?”

“ಅದಾವ್ರಿ ಅಕ್ಕಾ. ತೊಗರಿಗೇನ್ರಿ?”

“ಇಲ್ರಿ, ಮನೀ ಕುಂಡಕ್ಕ. ಸಣ್ಣ ನೊರಜು ಆಗ್ಯಾವ.”

“ಅದಕ್ಯಾಕ್ರಿ ಬಿಟಿ? ಈ ಹರಳು ಒಂದ್ ಚಿಟಿಕಿ ಉದುರ್ಸ್ರಿ, ಎಲ್ಲಾ ಸಾಯ್ತಾವ.”

ಹರಳು ಔಷಧದ ಡಬ್ಬಿಯ ಮುಚ್ಚಳ ತೆಗೆಯದೆಯೇ ಘಾಟು ಬರುತ್ತಿತ್ತು. ಹೊಲಕ್ಕೆ ಮಾಡಿದ ವಿಷ ಅದು. ಪುದೀನಾ ಚಟ್ನಿ ಮಾಡುವ ಮನೆಯ ಬಾಲ್ಕನಿಗೆ ಬೇಡ. ಇನ್ನು ಅಂಗಡಿಯವರು ತೋರಿಸಿದ ಬಿಟಿ ಪೊಟ್ಟಣ ಕುರ್ಸ್ಟಾಕಿ ಅನ್ನುವ ಬೇರೆ ತಳಿ. ತೊಗರಿಯ ಕಾಯಿಕೊರಕದಂಥ ಪತಂಗದ ಹುಳುವಿಗೆ ಅದು ಸರಿ, ನೊರಜಿನ ಮರಿಗೆ ಏನೂ ಮಾಡುವುದಿಲ್ಲ. ಎರಡೂ ಬಿಟಿಯೇ, ಬ್ಯಾಕ್ಟೀರಿಯಾದೊಳಗಿನ ಹರಳಿನ ಪ್ರೋಟೀನ್ ಬೇರೆ. ತೊಗರಿಯ ಊರಿನಲ್ಲಿ ಸುಮ್ನೆ ಬಿಟಿ ಅಂದರೆ ಕೈಗೆ ಬರುವುದು ಕಾಯಿಕೊರಕದ್ದೇ. ಪೊಟ್ಟಣದ ಮೇಲೆ ಇಸ್ರೇಲೆನ್ಸಿಸ್ ಅಂತ ಇದೆಯೋ, ಸೊಳ್ಳೆ ಮರಿಯ ಚಿತ್ರ ಇದೆಯೋ ನೋಡಿ ತೆಗೆದುಕೊಳ್ಳಿ. ನನಗೆ ಸಿಕ್ಕಿದ್ದು ಆನ್‌ಲೈನಿನಲ್ಲಿ, ಪುಡಿ ರೂಪದ್ದು.

ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಬಕೆಟ್ ನೀರಿಗೆ ಕಲಸಿದೆ. ಪುಡಿ ತಳಕ್ಕೆ ಕೂರುತ್ತದೆ, ಪ್ರತಿ ಮಗ್ಗಿಗೂ ಒಮ್ಮೆ ಕಲಕಬೇಕು. ಹೇಗೂ ನೀರು ಹಾಕುವ ದಿನ ಬಂದಾಗ, ಮಾಮೂಲಿ ನೀರಿನ ಬದಲು ಇದನ್ನೇ ಹಾಕಿದೆ. ಒಣಗಿಸುವುದು ಒಂದು ಕಡೆ, ಔಷಧದ ನೆಪದಲ್ಲಿ ದಿನಾ ನೆನೆಸುವುದು ಇನ್ನೊಂದು ಕಡೆ ಆಗಬಾರದು. ಸಂಜೆ ಹೊತ್ತು ಒಳ್ಳೆಯದು, ಬಿಸಿಲಿಗೆ ಇದರ ಶಕ್ತಿ ಬೇಗ ಕುಗ್ಗುತ್ತದೆ. ಮಣ್ಣಿನಲ್ಲೂ ಬಹಳ ದಿನ ಇರುವುದಿಲ್ಲ. ವಾರಕ್ಕೊಮ್ಮೆ ಹಾಕುತ್ತಾ ಹೋಗಬೇಕು.

ಎಷ್ಟು ಕಾಲ? ಇಲ್ಲಿ ನೊರಜಿನ ಬದುಕಿನ ಲೆಕ್ಕ ಗೊತ್ತಿರಬೇಕು. 24 ಡಿಗ್ರಿ ಆಸುಪಾಸಿನಲ್ಲಿ ಮೊಟ್ಟೆ ಒಡೆಯಲು 3ರಿಂದ 6 ದಿನ, ಮರಿಯಾಗಿ ಎರಡು ವಾರ, ಕೋಶದಲ್ಲಿ 3ರಿಂದ 5 ದಿನ. ಒಟ್ಟು ಮೂರರಿಂದ ನಾಲ್ಕು ವಾರ. ಬಿಟಿಐ ಮೊಟ್ಟೆಗೂ ತಾಗುವುದಿಲ್ಲ, ಕೋಶಕ್ಕೂ ತಾಗುವುದಿಲ್ಲ, ಹಾರುವ ನೊರಜಿಗೂ ತಾಗುವುದಿಲ್ಲ. ಎಳೆ ಮರಿಗೆ ಮಾತ್ರ ಸರಿಯಾಗಿ ತಾಗುತ್ತದೆ. ಅಂದರೆ ಮೊದಲ ವಾರ ಕಾರ್ಡಿನಲ್ಲಿ ಏನೂ ಕಡಿಮೆಯಾಗಿ ಕಾಣುವುದಿಲ್ಲ. ಕೋಶದಲ್ಲಿದ್ದವು ಒಂದಾದ ಮೇಲೊಂದು ಹೊರಗೆ ಬರುತ್ತಲೇ ಇರುತ್ತವೆ. ಬಹಳ ಜನ ಇಲ್ಲೇ ಬೇಸತ್ತು ಬಿಡುತ್ತಾರೆ. ಕಾರ್ಡಿನ ಬದಲು ಆಲೂಗಡ್ಡೆ ನೋಡಿ. ಎರಡನೇ ಸಲ ಬಿಟಿಐ ಹಾಕಿದ ಮೇಲೆ ಮಲ್ಲಿಗೆಯ ಬಿಲ್ಲೆಯ ಕೆಳಗೆ ಬೆರಳೆಣಿಕೆಯಷ್ಟು ಮರಿ ಇದ್ದವು. ಕಾರ್ಡು ಮಾತ್ರ ಇನ್ನೂ ತುಂಬುತ್ತಲೇ ಇತ್ತು.

ತುಳಸಿಗೆ ಬಿಟಿಐ ಕೂಡ ಹಾಕಲಿಲ್ಲ. ಮಾತು ಅಂದರೆ ಮಾತು.

ಮನಿ ಪ್ಲಾಂಟಿಗೆ ಬೇರೆ ಉಪಾಯ ಬೇಕಾಯಿತು. ಅದು ಇದ್ದದ್ದು ತೂತಿಲ್ಲದ ಚೀನಿ ಮಣ್ಣಿನ ಕುಂಡದೊಳಗೆ. ತಳದಲ್ಲಿ ಎರಡು ಬೆರಳು ನಾರುವ ನೀರು. ಒಳಗಿನ ಪ್ಲಾಸ್ಟಿಕ್ ಕುಂಡ ಎತ್ತಿ ಹೊರಗೆ ಬಸಿಯಲು ಇಟ್ಟು, ಹೈಡ್ರೋಜನ್ ಪೆರಾಕ್ಸೈಡ್ ಒಂದೇ ಸಲ ಹಾಕಿದೆ. ಇಲ್ಲಿ ಒಂದು ಎಚ್ಚರಿಕೆ. ವಿಡಿಯೋಗಳಲ್ಲಿ ಹೇಳುವುದು 3 ಶೇಕಡಾದ್ದು, ಒಂದು ಪಾಲಿಗೆ 4 ಪಾಲು ನೀರು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಹೆಚ್ಚಾಗಿ ಕೊಡುವುದು 6 ಶೇಕಡಾದ್ದು, ಬಾಟಲಿಯ ಮೇಲೆ 20 ವಾಲ್ಯೂಮ್ ಅಂತ ಇರುತ್ತದೆ. ಅದಕ್ಕೆ 9 ಪಾಲು ನೀರು ಬೇಕು. ಮಣ್ಣಿಗೆ ಬಿದ್ದ ಕೂಡಲೇ ಬುಸುಬುಸು ನೊರೆ ಬರುತ್ತದೆ, ತಾಗಿದ ಮರಿ ಸಾಯುತ್ತದೆ. ಒಳ್ಳೆಯ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಆಮೇಲೆ ಅದು ನೀರಾಗಿ ಹೋಗುತ್ತದೆ, ಮುಂದಿನ ಮೊಟ್ಟೆಗೆ ಏನೂ ಉಳಿಯುವುದಿಲ್ಲ. ಬಿಟಿಐ ಹಾಕಿದ ಮಣ್ಣಿಗೆ ಇದನ್ನು ಹಾಕಬೇಡಿ, ಕಾಸು ದಂಡ.

ದಾಲ್ಚಿನ್ನಿ ಪುಡಿ, ಅರಿಶಿನ, ಧೂಪದ ಹೊಗೆ ಇವೆಲ್ಲ ಪಕ್ಕದ ಮನೆಯವರು ಹೇಳಿದ ಮದ್ದು. ನಾನು ಅವುಗಳ ಗೊಡವೆಗೆ ಹೋಗಲಿಲ್ಲ.

ಮಣ್ಣು ಬದಲಿಸಿದ್ದು

ಗಣೇಶನ ಹಬ್ಬಕ್ಕೆ ಬೀದರಿನ ಕಾಕಾ ಬರುವವರಿದ್ದರು. ಬರುವಾಗ ಕಾರಿನ ಡಿಕ್ಕಿಯಲ್ಲಿ ಕೆಂಪು ಮಣ್ಣು ತನ್ನಿ ಅಂತ ಫೋನು ಮಾಡಿದೆ. ಅವರು ನಕ್ಕರು, ಆದರೆ ತಂದರು. ಗೊಬ್ಬರದ ಚೀಲಗಳಲ್ಲಿ ತುಂಬಿ, ಬಾಯಿ ಹೊಲಿದು.

ನಾನು ಮಾಡಿಕೊಂಡ ಪ್ರಮಾಣ: ಕೆಂಪು ಮಣ್ಣು 3 ಪಾಲು, ದಪ್ಪ ಮರಳು 1 ಪಾಲು, ಇಟ್ಟಂಗಿ ಚೂರು 1 ಪಾಲು, ಚೆನ್ನಾಗಿ ಕಳಿತ ಎರೆಗೊಬ್ಬರ 1 ಪಾಲು, ಕೊಕೊಪೀಟ್ ಅರ್ಧ ಪಾಲು. ಕುಂಡಕ್ಕೆ ಒಂದು ಮುಷ್ಟಿ ಬೇವಿನ ಹಿಂಡಿ, ಅದೂ ಕೆಳಗಿನ ಮಣ್ಣಿಗೆ ಬೆರೆಸಿ. ಹಿಂಡಿ ಮೇಲೆ ಉದುರಿಸಿದರೆ ಹಸಿಗೆ ಅದರ ಮೇಲೇ ಬೂಷ್ಟು ಬೆಳೆಯುತ್ತದೆ.

ಮರಳು ಅಂದರೆ ಸಿಕ್ಕಿದ್ದು ಎಂ ಸ್ಯಾಂಡ್. ಅದರಲ್ಲಿ ಕಲ್ಲಿನ ಹಿಟ್ಟು ಜಾಸ್ತಿ. ಹಾಗೇ ಹಾಕಿದರೆ ಸಿಮೆಂಟಿನಷ್ಟು ಗಟ್ಟಿಯಾಗಿ ಕೂರುತ್ತದೆ. ಸಾಣಿಗೆಯಲ್ಲಿ ಹಿಡಿದು, ಮೇಲೆ ಉಳಿದ ದಪ್ಪನೆಯದನ್ನು ತೊಳೆದು ಬಳಸಿದೆ. ಇಟ್ಟಂಗಿಯನ್ನು ಗೋಣಿ ಚೀಲದೊಳಗೆ ಹಾಕಿ ಸುತ್ತಿಗೆಯಲ್ಲಿ ಕುಟ್ಟಿದರೆ ಚೂರು ಸಿಡಿಯುವುದಿಲ್ಲ. ಕಡಲೆಬೇಳೆಗಿಂತ ಸ್ವಲ್ಪ ದಪ್ಪದ ಚೂರು ಬೇಕು, ಪುಡಿ ಬೇಡ. ಇದಕ್ಕೇ ಅರ್ಧ ದಿನ ಹೋಯಿತು. ಕೆಳಗಿನ ಮನೆಯವರು ಮೇಲೆ ಬಂದು ಏನು ಒಡೆಯುತ್ತಿದ್ದೀರಿ ಅಂತ ಕೇಳಿದ್ದೂ ಆಯಿತು.

ಎರೆಗೊಬ್ಬರದ ಬಗ್ಗೆ ಒಂದು ಮಾತು. ಮೊಟ್ಟೆ ಮನೆಗೆ ಬರುವುದು ಎಷ್ಟೋ ಸಲ ಗೊಬ್ಬರದ ಚೀಲದಲ್ಲೇ, ಇಲ್ಲವೇ ನರ್ಸರಿಯಿಂದ ತಂದ ಗಿಡದ ಜೊತೆ. ಹೊಸ ಚೀಲ ಬಿಚ್ಚಿದಾಗ ಹುಳಿ ವಾಸನೆ ಬಂದರೆ, ಸಗಣಿಯ ಉಂಡೆ ಕಂಡರೆ ಅದು ಇನ್ನೂ ಕಳಿತಿಲ್ಲ. ನಾನು ಗೊಬ್ಬರವನ್ನು ಫರ್ಸಿಯ ಮೇಲೆ ತೆಳ್ಳಗೆ ಹರಡಿ ಒಣಗಿಸಿಯೇ ಬಳಸಿದೆ.

ಬೆರೆಸಿದ ಮಣ್ಣಿಗೆ ಒಂದು ಪರೀಕ್ಷೆ ಇದೆ. ಕುಂಡ ತುಂಬಿ ಒಂದು ದೊಡ್ಡ ಲೋಟ ನೀರು ಹೊಯ್ಯಿರಿ. ನಿಮಿಷದೊಳಗೆ ಮೇಲಿನ ನೀರು ಇಂಗಿ ಕೆಳಗೆ ತೊಟ್ಟಿಕ್ಕಬೇಕು. ಹಳೆಯ ಎರೆಮಣ್ಣಿನಲ್ಲಿ ಹೊಯ್ದರೆ ನೀರು ಮೇಲೆ ಕನ್ನಡಿಯಾಗಿ ನಿಲ್ಲುತ್ತಿತ್ತು. ಇಲ್ಲವೇ ಬಿರುಕಿನಲ್ಲಿ ಇಳಿದು, ಕುಂಡದ ಅಂಚಿನಿಂದಲೇ ಹೊರಗೆ ಹೋಗಿ, ನಡುವಿನ ಬೇರು ಒಣಗಿಯೇ ಇರುತ್ತಿತ್ತು.

ಕುಂಡದ ತಳದ ತೂತುಗಳಿಗೆ ಹಳೇ ಸೊಳ್ಳೆ ಪರದೆಯ ತುಂಡು ಇಟ್ಟೆ. ನೊರಜು ತಳದ ತೂತಿನಿಂದಲೂ ಒಳಗೆ ಹೋಗುತ್ತದೆ. ಮೇಲೆ ಮರಳು ಹಾಕಿದರೆ ಸಾಕು ಅಂದುಕೊಳ್ಳುವವರು ಈ ದಾರಿ ಮರೆಯುತ್ತಾರೆ. ಮಲ್ಲಿಗೆಯ ಬೇರಿನ ಹಳೇ ಮಣ್ಣು ಅಲುಗಿಸಿ ಬಿಡಿಸಿ, ಪೂರ್ತಿ ಹೊಸದರಲ್ಲಿ ನೆಟ್ಟೆ. ಕರಿಬೇವು ಬೇರು ಕೆಣಕಿದರೆ ಮುನಿಸಿಕೊಳ್ಳುವ ಗಿಡ, ಅದನ್ನು ಮುಟ್ಟಲಿಲ್ಲ. ತುಳಸಿಗೆ ಅತ್ತೆಯವರ ಪಂಚಾಂಗ ನೋಡಬೇಕಿತ್ತು. ರವಿವಾರ ಮುಟ್ಟುವಂತಿಲ್ಲ, ಏಕಾದಶಿ ಮುಟ್ಟುವಂತಿಲ್ಲ. ಒಂದು ಸೋಮವಾರ ಅವರೇ ಎದುರಿಗೆ ಕೂತು ಮಣ್ಣು ಬದಲಿಸಿದರು. ಬೇರು ಹಿಡಿದು ನಿಂತದ್ದಷ್ಟೇ ನನ್ನ ಕೆಲಸ. ಕೊನೆಗೆ ಎಲ್ಲ ಕುಂಡಗಳ ಮೇಲೂ ತೊಳೆದ ಮರಳು ಅರ್ಧ ಇಂಚು ಹರಡಿದೆವು.

ಮರಳು ಒಣಗಿದ್ದರೆ ಮಾತ್ರ ಕಾವಲು. ಆದ್ದರಿಂದ ನೀರನ್ನು ಕೆಳಗಿನಿಂದ ಕೊಡುವುದು ಒಳ್ಳೆಯದು. ಹಳೇ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎರಡು ಇಂಚು ನೀರು ಬಿಟ್ಟು ಕುಂಡ ಇಡುವುದು, ಅರ್ಧ ಗಂಟೆ ಬಿಟ್ಟು ಎತ್ತಿ ಬಸಿಯುವುದು. ನಮ್ಮದು ಬೋರಿನ ಗಡಸು ನೀರು. ಕೆಳಗಿನಿಂದಲೇ ಕೊಡುತ್ತಿದ್ದರೆ ಮೇಲೆ ಬಿಳಿ ಉಪ್ಪು ಕೂರುತ್ತದೆ. ತಿಂಗಳಿಗೊಮ್ಮೆ ಮೇಲಿನಿಂದ ಧಾರಾಳವಾಗಿ ಹೊಯ್ದು ತೊಳೆದು ಬಿಡಬೇಕು, ಮರುದಿನ ಬಿಸಿಲು ಇರುವ ಹಾಗೆ ನೋಡಿಕೊಂಡು. ಅತ್ತೆಯವರ ಚಮಚೆಯ ನೀರು ಮರಳಿನಲ್ಲಿ ಒಂದು ಗಳಿಗೆಗೆ ಇಳಿದು ಹೋಗುತ್ತದೆ. ಈಗ ಅವರು ಎರಡು ಚಮಚ ಹಾಕುತ್ತಾರೆ, ನಾನು ನೋಡಿಯೂ ನೋಡದಂತೆ ಇದ್ದೇನೆ.

ಆಮೇಲೆ ಏನಾಯಿತು

ಮಣ್ಣು ಬದಲಿಸಿದ ಕುಂಡಗಳ ಹೊಸ ಕಾರ್ಡುಗಳಲ್ಲಿ ಮಹಾನವಮಿ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಕಾಣುತ್ತಿತ್ತು. ಆಲೂಗಡ್ಡೆ ಬಿಲ್ಲೆ ಖಾಲಿ. ತುಳಸಿಗೆ ಯಾವ ಔಷಧವೂ ಬೀಳಲಿಲ್ಲ, ಆದರೂ ಅದರ ಕಾರ್ಡು ಬೇರೆಯವುಗಳಷ್ಟೇ ಸ್ವಚ್ಛವಾಗಿತ್ತು. ಇದನ್ನು ನೋಡಿದ ಮೇಲೆ ನನಗೆ ಬಿಟಿಐ ಮೇಲಿದ್ದ ಭಕ್ತಿ ಸ್ವಲ್ಪ ಇಳಿಯಿತು. ಹೊಸ ಮಣ್ಣು ಸಿಗುವವರೆಗೆ ಸಂಖ್ಯೆ ಹಿಡಿದಿಡಲು ಅದು ಬೇಕು. ಮಣ್ಣೇ ಸರಿಯಾದ ಮೇಲೆ ಅದರ ಅಗತ್ಯ ಬೀಳಲಿಲ್ಲ. ಪೊಟ್ಟಣದಲ್ಲಿ ಮುಕ್ಕಾಲು ಪಾಲು ಇನ್ನೂ ಉಳಿದಿದೆ.

ಪುದೀನಾ ಮಾತ್ರ ಬಗ್ಗಲಿಲ್ಲ. ಅದಕ್ಕೆ ಸದಾ ಹಸಿ ಬೇಕು, ನೊರಜಿಗೂ ಅದೇ ಬೇಕು. ಜೊತೆಗೆ ದಿನಾ ಚರಗಿಯ ಉಳಿದ ನೀರು ಬೇರೆ. ಜಗಳ ಬೇಡ ಅಂತ ಕುಂಡವನ್ನು ಮಾಳಿಗೆಗೆ ಸಾಗಿಸಿದೆವು. ಅಲ್ಲಿ ನೊರಜು ಇದ್ದರೂ ಮನೆಯೊಳಗೆ ಬರುವುದಿಲ್ಲ, ಪುದೀನಾ ಸೊಂಪಾಗಿದೆ. ಅತ್ತೆಯವರ ಉಳಿದ ನೀರು ಈಗ ಕರಿಬೇವಿಗೆ ಹೋಗುತ್ತದೆ. ಆ ಕಡೆ ಒಂದು ಕಣ್ಣಿಟ್ಟಿದ್ದೇನೆ.

ಮೆಣಸಿನ ಸಸಿಯ ಟ್ರೇ ಪೂರ್ತಿ ಬಿಸಾಡಿ ಮತ್ತೆ ಬಿತ್ತಿದೆ. ಈ ಸಲ ಕೊಕೊಪೀಟಿಗೆ ಕುದಿಯುವ ನೀರು ಸುರಿದು, ಮುಚ್ಚಿ, ಆರಿದ ಮೇಲೆ ಹಿಂಡಿ ಬಳಸಿದೆ. ಟ್ರೇ ಮೇಲೆ ಪರದೆ ಬಟ್ಟೆ. ನಾಲ್ಕೆಲೆ ಬರುವವರೆಗೆ ಬಟ್ಟೆ ತೆಗೆಯಲಿಲ್ಲ. ದೀಪಾವಳಿ ಕಳೆದು ತುಳಸಿ ಲಗ್ನದ ಹೊತ್ತಿಗೆ ಸಸಿಗಳು ಕುಂಡಕ್ಕೆ ಏರಿದವು.

ತೆಗೆದ ಹಳೆಯ ಎರೆಮಣ್ಣನ್ನು ಬಿಸಾಡಿಲ್ಲ. ಸ್ವಲ್ಪ ತೇವ ಇರುವಾಗಲೇ ಪಾರದರ್ಶಕ ಪ್ಲಾಸ್ಟಿಕ್ ಚೀಲಗಳಲ್ಲಿ ತೆಳ್ಳಗೆ ತುಂಬಿ, ಮೇಲೆ ಇನ್ನೊಂದು ಪದರ ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಇಡಬೇಕು. ಮಣ್ಣಿನ ನಡುಭಾಗ 60 ಡಿಗ್ರಿಗೆ ಏರಿ ಒಂದು ಗಂಟೆ ನಿಂತರೆ, ಇಲ್ಲವೇ 70 ಡಿಗ್ರಿಯಲ್ಲಿ ಅರ್ಧ ಗಂಟೆ ನಿಂತರೆ ಮೊಟ್ಟೆ, ಮರಿ, ಕೊಳೆರೋಗದ ಬೀಜ ಎಲ್ಲ ಸಾಯುತ್ತವೆ. ಮಳೆಗಾಲದ ಮೋಡದಲ್ಲಿ ಇದು ಆಗದ ಕೆಲಸ. ಚೀಲಗಳು ಮಾಳಿಗೆಯ ಮೂಲೆಯಲ್ಲಿ ಬಾಯಿ ಕಟ್ಟಿಕೊಂಡು ಕೂತಿವೆ. ಏಪ್ರಿಲ್ ಬರಲಿ. ನಮ್ಮೂರಿನ ಆ ಬಿಸಿಲನ್ನು ಬೈಯುವುದಷ್ಟೇ ಆಗಿತ್ತು, ಈ ಸಲ ಅದರಿಂದ ಒಂದು ಕೆಲಸ ಮಾಡಿಸಿಕೊಳ್ಳುತ್ತೇನೆ. ಬೆಂದ ಮಣ್ಣು ಕೆಂಪು ಮಣ್ಣಿನ ಜೊತೆ ಕಾಲು ಪಾಲು ಬೆರೆತು ಚೆಂಡುಹೂವಿನ ಕುಂಡಗಳಿಗೆ ಹೋಗಲಿದೆ.